ಕಾಲಿಗೆ ನಿಲುಕುವ ಮೋಟಾರ್ ಸೈಕಲ್

ದ್ವಿಚಕ್ರ ವಾಹನವು ಇಂದು ನಮ್ಮ ಸಂಸಾರಗಳಲ್ಲಿ ಭೋಗದ ವಸ್ತುವಾಗಿ ಉಳಿದಿಲ್ಲ. ನಿತ್ಯದ ಕಾಯಕಕ್ಕೆ ಒದಗುವ ಸಾಧನವಾಗಿದೆ. ಹೊಲಕ್ಕೆ ಬೀಜ ಗೊಬ್ಬರ ಒಯ್ಯುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ವೃದ್ಧರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು, ಎಲ್ಲಕ್ಕೂ ಅದೇ ಆಸರೆ. ಆದರೆ ಮನೆಯಲ್ಲಿ ಗಾಡಿ ಇದ್ದೂ ಅದನ್ನು ನಡೆಸಲಾರದೆ ಇನ್ನೊಬ್ಬರಿಗಾಗಿ ಕಾದು ಕೂರುವವರು ಹಲವರಿದ್ದಾರೆ. ಕಾರಣ ಕೇಳಿದರೆ, "ಕಾಲು ನೆಲಕ್ಕೆ ಎಟುಕುವುದಿಲ್ಲ" ಎಂಬುದೇ ಉತ್ತರ. ಹೀಗೆನ್ನುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಎತ್ತರ ಕಡಿಮೆಯಿರುವ ಗಂಡುಮಕ್ಕಳಾದರೋ ಸಂಕೋಚದಿಂದ ಏನೂ ಹೇಳದೆ, ತುದಿಗಾಲಿನಲ್ಲಿ ತೂಗಾಡುತ್ತಲೇ ಗಾಡಿ ನಡೆಸುತ್ತಾರೆ. ಮೊದಲಿನವರು ಸ್ವಾವಲಂಬನೆಯನ್ನು ಕಳೆದುಕೊಳ್ಳುತ್ತಾರೆ, ಎರಡನೆಯವರು ಸುರಕ್ಷತೆಯನ್ನು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಸಂಸಾರಕ್ಕೆ ಒಪ್ಪುವ ಗಾದೆ. ಮೋಟಾರ್ ಸೈಕಲಿನ ವಿಷಯದಲ್ಲಿ ಅದನ್ನು ತಿರುಗಿಸಿ, ಕಾಲು ಇದ್ದಷ್ಟಕ್ಕೆ ಆಸನವನ್ನು ಒಗ್ಗಿಸು ಎನ್ನಬೇಕಾಗುತ್ತದೆ. ದರ್ಜಿಯು ಅಂಗಿಯನ್ನು ಮೈಗೆ ಹೊಂದಿಸುತ್ತಾನೆಯೇ ಹೊರತು ಮೈಯನ್ನು ಅಂಗಿಗೆ ಹೊಂದಿಸುವುದಿಲ್ಲ. ಗಾಡಿಯನ್ನು ಸವಾರನಿಗೆ ಹೊಂದಿಸುವ ಬಗೆಯೇನು, ಅದರಲ್ಲಿ ಯಾವುದು ಹಿತ, ಯಾವುದು ಅಪಾಯ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕುಳ್ಳತನ ಕೊರತೆಯಲ್ಲ

ಭಾರತದ ವಯಸ್ಕ ಸ್ತ್ರೀಯರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದು ಅಡಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಗಾಡಿಯ ಆಸನವು ನೆಲದಿಂದ 805 ಮಿಲಿಮೀಟರ್ ಎತ್ತರದಲ್ಲಿದೆ. ತೂಕ 195 ಕಿಲೋ. ಇದನ್ನು ನೋಡಿದಾಗ ತಿಳಿಯುವುದೇನೆಂದರೆ, ಇಂತಹ ಗಾಡಿ ನಮ್ಮ ಮನೆಯ ಹೆಣ್ಣುಮಗಳನ್ನು ಕಣ್ಣ ಮುಂದಿಟ್ಟುಕೊಂಡು ರೂಪುಗೊಂಡದ್ದಲ್ಲ. ಕೊರತೆ ಆಕೆಯ ಕಾಲಿನದಲ್ಲ, ಹೊಂದಾಣಿಕೆಯದು.

ಸ್ಪೇನ್ ದೇಶದ ಡಾನಿ ಪೆಡ್ರೋಸಾ ಎಂಬ ಓಟಗಾರನ ಎತ್ತರ ಸುಮಾರು 160 ಸೆಂಟಿಮೀಟರ್ ಮಾತ್ರ. ಆತನು 2003ರಲ್ಲಿ 125 ಸಿ.ಸಿ. ವಿಭಾಗದಲ್ಲಿಯೂ, 2004 ಮತ್ತು 2005ರಲ್ಲಿ 250 ಸಿ.ಸಿ. ವಿಭಾಗದಲ್ಲಿಯೂ ವಿಶ್ವ ಪ್ರಶಸ್ತಿ ಗಳಿಸಿದನು. ಮುಂದೆ ಅತ್ಯುನ್ನತ ದರ್ಜೆಯಾದ ಮೋಟೋ ಜಿ.ಪಿ.ಯಲ್ಲಿ 31 ಪಂದ್ಯಗಳನ್ನು ಗೆದ್ದು 2018ರಲ್ಲಿ ನಿವೃತ್ತನಾದನು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೊದಲು ಅಳತೆ

ಗಾಡಿಯ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಮೈಯ ಎತ್ತರವಲ್ಲ, ಕಾಲಿನ ಒಳ ಅಳತೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪಿನಿಂದ ಅಳೆಯಬೇಕು. ಐದು ಅಡಿ ಎತ್ತರದವರಲ್ಲಿ ಇದು ಸಾಮಾನ್ಯವಾಗಿ 68ರಿಂದ 70 ಸೆಂಟಿಮೀಟರ್ ಇರುತ್ತದೆ.

ಇನ್ನು ಗಾಡಿಗಳ ಆಸನದ ಎತ್ತರ. ಹೀರೋ ಸ್ಪ್ಲೆಂಡರ್ ಪ್ಲಸ್ 785 ಮಿಲಿಮೀಟರ್, ರಾಯಲ್ ಎನ್‌ಫೀಲ್ಡ್ ಹಂಟರ್ 790, ಮೀಟಿಯೋರ್ 765, ಬಜಾಜ್ ಅವೆಂಜರ್ 220 ಕ್ರೂಸ್ 737. ಹೆಣ್ಣುಮಕ್ಕಳ ಗಾಡಿಯೆಂದೇ ಹೆಸರಾದ ಟಿ.ವಿ.ಎಸ್. ಸ್ಕೂಟಿ ಪೆಪ್ ಪ್ಲಸ್‌ನ ಆಸನವೂ 768 ಮಿಲಿಮೀಟರ್ ಎಂಬುದು ಅನೇಕರಿಗೆ ಅಚ್ಚರಿಯ ಸಂಗತಿ. ಅಂದರೆ ಸ್ಕೂಟಿಯನ್ನು ಲೀಲಾಜಾಲವಾಗಿ ನಡೆಸುವವಳಿಗೆ ಮೀಟಿಯೋರ್‌ನ ಎತ್ತರವು ಹೊಸತಲ್ಲ. ಹೊಸತಾದುದು ತೂಕ: ಸ್ಕೂಟಿಯದು 93 ಕಿಲೋ, ಮೀಟಿಯೋರ್‌ನದು 191. ಎತ್ತರವು ಅಂಜಿಸುತ್ತದೆ, ಗಾಡಿಯನ್ನು ಬೀಳಿಸುವುದು ಮಾತ್ರ ತೂಕ. ಇದನ್ನು ಮರೆಯಬಾರದು.

ಆಸನದ ಅಗಲವೂ ಮುಖ್ಯ. ಸೀಟಿನ ಮುಂಭಾಗ ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿಕೊಂಡು, ಕಾಲಿನ ಉದ್ದವು ಅಲ್ಲಿಯೇ ವ್ಯಯವಾಗುತ್ತದೆ. ಒಂದೇ ಎತ್ತರದ ಎರಡು ಗಾಡಿಗಳಲ್ಲಿ ಒಂದು ಎಟುಕಿ ಇನ್ನೊಂದು ಎಟುಕದಿರುವುದಕ್ಕೆ ಇದೇ ಕಾರಣ.

ಎರಡೂ ಪಾದ ಊರಬೇಕೆ?

ಎರಡೂ ಪಾದಗಳು ನೆಲಕ್ಕೆ ಚಪ್ಪಟೆಯಾಗಿ ಊರಬೇಕೆಂಬುದು ತಪ್ಪು ತಿಳಿವಳಿಕೆ. ನಿಲ್ಲುವಾಗ ಒಂದು ಪಾದ ಭದ್ರವಾಗಿ ಊರಿದರೆ ಸಾಕು. ಸೊಂಟವನ್ನು ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಸರಿಸಿ ಎಡಗಾಲನ್ನು ಇಳಿಬಿಟ್ಟು, ಬಲಗಾಲನ್ನು ಹಿಂಬ್ರೇಕಿನ ಮೇಲೆ ಇರಿಸಿಕೊಂಡರೆ ಎಡ ಪಾದವು ಮೊದಲಿಗಿಂತ ಎಷ್ಟೋ ಕೆಳಗೆ ತಲುಪುತ್ತದೆ. ಎರಡೂ ಕಾಲಿನ ಬೆರಳ ತುದಿಗಳಲ್ಲಿ ನಿಂತವನಿಗಿಂತ ಒಂದೇ ಪಾದವನ್ನು ಗಟ್ಟಿಯಾಗಿ ಊರಿದವನು ಸ್ಥಿರ.

ಇಲ್ಲೊಂದು ಸೂಕ್ಷ್ಮವಿದೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಾಗಿಯೂ ಅಂಚಿಗೆ ಇಳಿಜಾರಾಗಿಯೂ ಮಾಡಿರುತ್ತಾರೆ. ನಾವು ಎಡಬದಿಯಲ್ಲಿ ಸಾಗುವವರಾದ ಕಾರಣ ಎಡಗಾಲಿನ ಕಡೆಯ ನೆಲವೇ ತಗ್ಗು. ಆದ್ದರಿಂದ ತೀರ ಅಂಚಿನಲ್ಲಿ, ಡಾಂಬರು ಮುಗಿದು ಮಣ್ಣು ಇಳಿಯುವಲ್ಲಿ ನಿಲ್ಲಬಾರದು. ನಿಲ್ಲುವ ಮುನ್ನವೇ ಸಮತಟ್ಟಾದ ಜಾಗವನ್ನು ಕಣ್ಣಿನಲ್ಲಿ ಆರಿಸಿಕೊಳ್ಳಬೇಕು.

ಖರ್ಚಿಲ್ಲದ ಹೊಂದಾಣಿಕೆ

ಹಿಂದಿನ ಷಾಕ್ ಅಬ್ಸಾರ್ಬರ್‌ಗಳ ಬುಡದಲ್ಲಿ ಸ್ಪ್ರಿಂಗಿನ ಬಿಗಿತವನ್ನು ಹೆಚ್ಚು ಕಡಿಮೆ ಮಾಡುವ ಐದಾರು ಮೆಟ್ಟಿಲುಗಳು ಅನೇಕ ಗಾಡಿಗಳಲ್ಲಿವೆ. ಅದನ್ನು ತೀರ ಕೆಳಗಿನ ಮೆಟ್ಟಿಲಿಗೆ ಇಳಿಸಿದರೆ ಸವಾರನು ಕುಳಿತಾಗ ಗಾಡಿ ತುಸು ಹೆಚ್ಚು ತಗ್ಗುತ್ತದೆ. ದೊರೆಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್. ಆದರೆ ಹಗುರ ಮೈಯವರಿಗೆ ಪ್ರಯಾಣವೂ ಮೆತ್ತಗಾಗುತ್ತದೆ. ಎರಡೂ ಬದಿ ಒಂದೇ ಮೆಟ್ಟಿಲಿನಲ್ಲಿರಬೇಕು. ಹಿಂದೆ ಭಾರವಾದವರನ್ನು ಕೂರಿಸಿಕೊಳ್ಳುವ ದಿನ ಮತ್ತೆ ಏರಿಸಬೇಕು.

ಎತ್ತರ ಕಡಿಮೆಯಿರುವವರ ಕೈಗಳೂ ಸಾಮಾನ್ಯವಾಗಿ ಚಿಕ್ಕವು. ಹ್ಯಾಂಡಲಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ತುಸು ತಮ್ಮತ್ತ ತಿರುಗಿಸಿಕೊಂಡರೆ ಮುಂದಕ್ಕೆ ಬಾಗಿ ತೋಳು ಚಾಚುವುದು ತಪ್ಪುತ್ತದೆ. ಹಾಗೆ ತಿರುಗಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ಹೊರಳಿಸಿ, ಅದು ಟ್ಯಾಂಕಿಗೆ ತಗುಲದೆಯೂ ವೈರು ಕೇಬಲ್‌ಗಳು ಬಿಗಿಯದೆಯೂ ಇರುವುದನ್ನು ನೋಡಿಕೊಳ್ಳಬೇಕು. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು, ಮುಂಗೈ ಮತ್ತು ಬೆರಳು ಒಂದೇ ಗೆರೆಯಲ್ಲಿ ಬರುವಂತೆ ಇಳಿಜಾರಾಗಿ ಹೊಂದಿಸಬೇಕು. ಬೆರಳು ಎಟುಕುವುದಿಲ್ಲವೆಂದು ಕ್ಲಚ್ ಕೇಬಲಿನ ಸಡಿಲವನ್ನು ಪೂರ್ತಿ ತೆಗೆದುಬಿಟ್ಟರೆ ಕ್ಲಚ್ ಜಾರಿ ಸವೆಯುತ್ತದೆ; ಅದಕ್ಕೆ ಬದಲು ಅಂತರವನ್ನು ಹೊಂದಿಸಬಲ್ಲ ಲಿವರ್‌ಗಳನ್ನು ಹಾಕಿಸುವುದು ಲೇಸು. ಗೇರ್ ಮತ್ತು ಹಿಂಬ್ರೇಕಿನ ಪೆಡಲುಗಳ ಎತ್ತರವನ್ನೂ ಪಾದಕ್ಕೆ ತಕ್ಕಂತೆ ಸರಿಪಡಿಸಬಹುದು.

ಪಾದರಕ್ಷೆಯೂ ಒಂದು ಸಾಧನವೇ. ಎರಡು ಸೆಂಟಿಮೀಟರಿನಷ್ಟು ದಪ್ಪವಿದ್ದು ಜಾರದ ಅಟ್ಟೆಯುಳ್ಳ, ಹಿಮ್ಮಡಿಯ ಗಂಟನ್ನು ಮುಚ್ಚುವ ಬೂಟು ಉತ್ತಮ. ಚಪ್ಪಲಿಯಲ್ಲಿ ಗಾಡಿ ನಡೆಸುವುದು ಯಾವ ಎತ್ತರದವರಿಗೂ ತರವಲ್ಲ.

ಸೀಟಿನ ಕೆಲಸ

ಇಷ್ಟರಿಂದಲೂ ಸಾಲದಿದ್ದರೆ ಸೀಟ್ ಕವರ್ ಹೊಲಿಯುವ ಅಂಗಡಿಗೆ ಹೋಗಬೇಕು. ಆ ಮೊದಲು, ನಿಮ್ಮ ಗಾಡಿಗೆ ಕಂಪನಿಯೇ ತಗ್ಗಿನ ಸೀಟನ್ನು ಕೊಡುತ್ತದೆಯೇ ಎಂದು ವಿಚಾರಿಸಿ. ಉದಾಹರಣೆಗೆ 825 ಮಿಲಿಮೀಟರ್ ಎತ್ತರದ ಹಿಮಾಲಯನ್ 450 ಗಾಡಿಗೆ 805ಕ್ಕೆ ಇಳಿಸುವ ಬೇರೆ ಸೀಟು ಉಂಟು. ಇಲ್ಲವಾದಲ್ಲಿ ರೆಗ್ಜಿನ್ ಬಿಚ್ಚಿಸಿ ಒಳಗಿನ ಸ್ಪಂಜನ್ನು ಕೆತ್ತಿಸಬೇಕಾಗುತ್ತದೆ. ಮೇಲಿನಿಂದ ಎರಡು ಎರಡೂವರೆ ಸೆಂಟಿಮೀಟರ್‌ಗಿಂತ ಹೆಚ್ಚು ತೆಗೆಸಬಾರದು. ತೆಗೆಸಿದರೆ ತಳದ ತಗಡು ಎಲುಬಿಗೆ ಒತ್ತಿ, ಹತ್ತು ಹರದಾರಿ ಹೋಗುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ನಿಜವಾದ ಲಾಭವಿರುವುದು ಸೀಟಿನ ಮುಂಭಾಗದ ಎರಡು ಅಂಚುಗಳನ್ನು ಇಳಿಜಾರಾಗಿ ಸವರಿಸುವುದರಲ್ಲಿ. ಸವಾರರೇ ಅಂಗಡಿಯಲ್ಲಿ ಗಾಡಿಯ ಮೇಲೆ ಕುಳಿತು, ತೊಡೆ ತಗುಲುವ ಜಾಗವನ್ನು ಗುರುತು ಮಾಡಿಸಬೇಕು. ಸ್ವಲ್ಪ ಸ್ವಲ್ಪವಾಗಿ ಕೆತ್ತಿಸಿ ಮತ್ತೆ ಮತ್ತೆ ಕುಳಿತು ನೋಡಬೇಕು. ಕೆತ್ತಿದ ಸ್ಪಂಜು ಮರಳಿ ಬೆಳೆಯುವುದಿಲ್ಲ.

ಈಗ ಲೆಕ್ಕ ಮಾಡೋಣ. ಕಾಲಿನ ಅಳತೆ 70 ಸೆಂಟಿಮೀಟರ್ ಇರುವವಳು ಕ್ಲಾಸಿಕ್ ಗಾಡಿಯ 80.5 ಸೆಂಟಿಮೀಟರ್ ಆಸನವನ್ನು ಏರಿದರೆ ಕೊರತೆ ಹತ್ತೂವರೆ ಸೆಂಟಿಮೀಟರ್. ಸೀಟಿನ ಅಗಲದಿಂದ ಅದು ಇನ್ನೂ ತುಸು ಹೆಚ್ಚಾದೀತು. ಬೂಟಿನಿಂದ ಎರಡು, ಸವಾರಳ ಭಾರಕ್ಕೆ ಗಾಡಿ ತಗ್ಗುವುದರಿಂದ ಒಂದೆರಡು, ಸ್ಪಂಜಿನಿಂದ ಎರಡೂವರೆ ತುಂಬಿತು. ಅಂಚು ಸವರಿಸಿದ್ದರಿಂದ ಅಗಲಕ್ಕೆ ವ್ಯಯವಾಗುತ್ತಿದ್ದುದು ಉಳಿಯಿತು. ಬಾಕಿ ನಾಲ್ಕೈದು ಸೆಂಟಿಮೀಟರನ್ನು, ಎಡಕ್ಕೆ ಸರಿದು ಕೂರುವ ಅಭ್ಯಾಸವೂ ಮುಂಗಾಲಿನ ಊರುವಿಕೆಯೂ ತುಂಬಿಕೊಡುತ್ತವೆ. ಇವು ಅಂದಾಜಿನ ಅಳತೆಗಳಾದರೂ ಗಾಡಿಯ ಚೌಕಟ್ಟನ್ನಾಗಲಿ ಷಾಕ್ ಅಬ್ಸಾರ್ಬರನ್ನಾಗಲಿ ಬದಲಿಸದೆಯೇ ಎಷ್ಟು ದೂರ ಬರಬಹುದೆಂಬುದನ್ನು ತೋರಿಸುತ್ತವೆ.

ಗಾಡಿಯನ್ನೇ ತಗ್ಗಿಸುವ ಮುನ್ನ

ಕೆಲವು ಗ್ಯಾರೇಜುಗಳಲ್ಲಿ ಮೊದಲಿಗೇ ಗಾಡಿಯನ್ನು ತಗ್ಗಿಸಿಬಿಡುವ ಸಲಹೆ ಕೊಡುವುದುಂಟು. ಗಿಡ್ಡ ಷಾಕ್ ಅಬ್ಸಾರ್ಬರ್ ಹಾಕುವುದು, ಮುಂಭಾಗದ ಫೋರ್ಕ್ ಕೊಳವೆಗಳನ್ನು ಮೇಲಕ್ಕೆ ಸರಿಸುವುದು ಇವು ಅದರ ವಿಧಾನಗಳು. ಇದನ್ನು ಕೊನೆಯ ಉಪಾಯವೆಂದೇ ತಿಳಿಯಬೇಕು. ಹಿಂಭಾಗ ಮಾತ್ರ ತಗ್ಗಿದರೆ ತಿರುವುಗಳಲ್ಲಿ ಗಾಡಿ ಮಂದವಾಗುತ್ತದೆ. ಮುಂಭಾಗ ಮಾತ್ರ ತಗ್ಗಿದರೆ ವೇಗದಲ್ಲಿ ಚಂಚಲವಾಗುತ್ತದೆ. ಎರಡನ್ನೂ ಸಮನಾಗಿ ತಗ್ಗಿಸಿದರೂ ನಮ್ಮ ಊರಿನ ರಸ್ತೆಯುಬ್ಬುಗಳು ಎಂಜಿನ್ನಿನ ಅಡಿಯನ್ನು ಉಜ್ಜದೆ ಬಿಡುವುದಿಲ್ಲ. ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಟ್ಟು, ಗಾಡಿ ನೆಟ್ಟಗೆ ನಿಂತು, ಸಣ್ಣ ನೂಕಿಗೂ ಬಲಕ್ಕೆ ಉರುಳುತ್ತದೆ. ಚೈನಿನ ಬಿಗಿತವನ್ನೂ ಮುಂದೀಪದ ಬೆಳಕಿನ ನೇರವನ್ನೂ ಹೊಸದಾಗಿ ಸರಿಪಡಿಸಬೇಕಾಗುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹೇಳಿತು. ಚೌಕಟ್ಟನ್ನು ಕತ್ತರಿಸುವುದು, ಬೆಸುಗೆ ಹಾಕಿಸುವುದು ಎಂದಿಗೂ ಸಲ್ಲದು.

ಇಷ್ಟೆಲ್ಲ ಮಾಡಿಯೂ ಹೊಂದದ ಗಾಡಿಯನ್ನು ಬಿಟ್ಟು ತಗ್ಗಿನ ಗಾಡಿಯನ್ನು ಆರಿಸಿಕೊಳ್ಳುವುದರಲ್ಲಿ ಅವಮಾನವಿಲ್ಲ. ಆದರೆ ಮೀಟಿಯೋರ್, ಅವೆಂಜರ್‌ಗಳಂತಹವುಗಳಲ್ಲಿ ಫುಟ್ ರೆಸ್ಟ್‌ಗಳು ಮುಂದಕ್ಕಿರುತ್ತವೆ. ಕಾಲು ನೆಲಕ್ಕೆ ಎಟುಕಿದರೂ ಅವುಗಳಿಗೆ ಎಟುಕುವುದೇ ಎಂದು ಕುಳಿತು ನೋಡಿಯೇ ಕೊಳ್ಳಬೇಕು.

ಅಭ್ಯಾಸವೇ ಅರ್ಧ ಎತ್ತರ

ತಂದೆಯ ಕಾಲದ ಗಾಡಿಗಳನ್ನು ಮಕ್ಕಳು ನಡೆಸುವ ಮನೆಗಳೂ ಇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಕಿಕ್ ಲಿವರೇ ಗೇರ್ ಲಿವರೂ ಹೌದು. ಹಳೆಯ ಬುಲೆಟ್ಟಿನಲ್ಲಿ ಗೇರ್ ಬಲಕ್ಕೆ, ಬ್ರೇಕ್ ಎಡಕ್ಕೆ. ಕಾಲು ಗಿಡ್ಡವಾದವರು ಇಂತಹ ಗಾಡಿಯನ್ನು ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಂಡೇ ಕಿಕ್ ಹೊಡೆಯುವುದು ಕ್ಷೇಮ.

ಗಾಡಿ ಯಾವುದೇ ಇರಲಿ, ರಸ್ತೆಗೆ ಇಳಿಯುವ ಮುನ್ನ ಎರಡು ವಾರ ಬಯಲಿನಲ್ಲಿ ಅಭ್ಯಾಸ ಬೇಕು. ಹ್ಯಾಂಡಲ್ ನೆಟ್ಟಗಿರುವಾಗಲೇ ನಿಲ್ಲಿಸುವುದನ್ನು ಕಲಿಯಬೇಕು. ಹೊರಳಿಸಿಕೊಂಡು ಮುಂಬ್ರೇಕ್ ಹಿಡಿದರೆ ಗಾಡಿ ಒಡನೆ ವಾಲುತ್ತದೆ. ಗೋಡೆಗೆ ಮುಖಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಹಿಂದಕ್ಕೆ ದೂಡಲು ಕಾಲಿಗೆ ಬಲ ಸಿಗುವುದಿಲ್ಲ. ಮುಂದಕ್ಕೆ ಹೊರಡುವಂತೆಯೇ ನಿಲ್ಲಿಸಬೇಕು. ಹಿಂದೆ ಕೂರುವವರು ಹೇಳದೆ ಏರಬಾರದು, ಹೇಳದೆ ಇಳಿಯಬಾರದು.

ಬಿದ್ದ ಗಾಡಿಯನ್ನು ಎತ್ತುವುದಕ್ಕೂ ವಿಧಾನವಿದೆ. ಮೊದಲು ಎಂಜಿನ್ ಆರಿಸಿ, ಗಾಡಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಸೊಂಟವನ್ನು ಸೀಟಿಗೆ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಹಿಂಭಾಗದ ಗಟ್ಟಿ ಸರಳನ್ನೂ ಹಿಡಿದು, ಬೆನ್ನು ಬಾಗಿಸದೆ ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆಯಿಡುತ್ತ ಎಬ್ಬಿಸಬೇಕು. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಗೆಳೆದಿಟ್ಟಿರಬೇಕು. ಇದನ್ನು ಹಿರಿಯರೊಬ್ಬರ ಎದುರಿನಲ್ಲಿ ಒಮ್ಮೆಯಾದರೂ ಮಾಡಿದವಳಿಗೆ ಬೀಳುವ ಭಯ ಅರ್ಧ ಕಳೆಯುತ್ತದೆ.

ತಂದೆತಾಯಿಗಳಲ್ಲಿ ನಮ್ಮ ವಿನಂತಿಯಿಷ್ಟೆ. ಮಗಳೋ ಸೊಸೆಯೋ ಗಾಡಿ ಕಲಿಯುತ್ತೇನೆಂದಾಗ "ನಿನ್ನ ಎತ್ತರಕ್ಕೆ ಇದೆಲ್ಲ ಬೇಡ" ಎಂದು ಬಾಯಿ ಮುಚ್ಚಿಸಬೇಡಿ. ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು ಕೊಡಿಸಿ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಂತೆ ಸೀರೆ ಗಾರ್ಡ್ ಇದೆಯೇ ನೋಡಿ. ಬಳಿಕ ಒಂದು ಭಾನುವಾರ ಅಳತೆ ಟೇಪು ಹಿಡಿದು ಆಕೆಯೊಂದಿಗೆ ಗಾಡಿಯ ಬಳಿ ಕುಳಿತುಕೊಳ್ಳಿ. ಅಪರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಬಂದು, ಗಾಡಿ ನಡೆಸಬಲ್ಲವರು ಊರಲ್ಲಿಲ್ಲದಿರುವ ಹೊತ್ತಿನಲ್ಲಿ, ಆ ದಿನ ಅಳೆದ ನಾಲ್ಕು ಅಂಗುಲದ ಬೆಲೆ ಏನೆಂಬುದು ತಿಳಿಯುತ್ತದೆ.