ಸಾಲದ ಗುಟ್ಟು, ಸೆರಗಿನ ಕೆಂಡ

ಯಜಮಾನರಿಗೆ ಗೊತ್ತಾಗದಂತೆ ಮಾಡಿಕೊಂಡ ಸಾಲ ಕುತ್ತಿಗೆಗೆ ಬಂದಿದೆಯೇ? ಅದನ್ನು ತೀರಿಸಲು ಇನ್ನೊಂದು ಸಾಲಕ್ಕೆ ಕೈ ಹಾಕುವ ಮುನ್ನ ಇದನ್ನು ಓದಿ.

ಕಾಲಿಂಗ್ ಬೆಲ್ ಸದ್ದಾದರೆ ಎದೆ ಢವಢವ. ಹೊಸ ನಂಬರಿನಿಂದ ಫೋನ್ ಬಂದರೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಪಿಸುಮಾತು. ‘ಯಾರದ್ದೇ ಫೋನು?’ ಎಂದು ಯಜಮಾನರು ಕೇಳಿದರೆ ‘ಯಾವುದೋ ರಾಂಗ್ ನಂಬರ್ ರೀ’ ಎಂಬ ಸಿದ್ಧ ಉತ್ತರ. ಕೈಯಲ್ಲಿ ಬಳೆಗಳೇನೋ ಇವೆ, ಆದರೆ ಅವು ಒನ್ ಗ್ರಾಂ ಗೋಲ್ಡ್! ಅಸಲಿ ಬಳೆಗಳು ಗಿರವಿ ಅಂಗಡಿಯಲ್ಲಿ ಕೂತಿವೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಅತ್ತೆ ಊರಿಂದ ಬರುತ್ತಾರೆ. ‘ನಿನ್ನ ಬಳೆ ಕೊಡಮ್ಮ, ಲಕ್ಷ್ಮಿಗೆ ಹಾಕೋಣ’ ಅಂದರೆ ಏನು ಹೇಳುವುದು? ಹಬ್ಬ ಹತ್ತಿರ ಬಂದಷ್ಟೂ ನಿದ್ದೆ ದೂರ.

ಇದು ನಿಮ್ಮದೇ ಕಥೆ ಅನ್ನಿಸಿತೇ? ಗಾಬರಿಯಾಗಬೇಡಿ. ನಿಮ್ಮ ಹಾಗೆ ಬೇರೆಯವರೂ ಇದ್ದಾರೆ. ಹೇಳಿಕೊಳ್ಳುವವರು ಕಡಿಮೆ, ಅಷ್ಟೇ.

ಹೆಣ್ಣುಮಕ್ಕಳು ದುಡ್ಡಿನ ವಿಷಯದಲ್ಲಿ ಗುಟ್ಟು ಮಾಡುವುದು ನಮಗೆ ಹೊಸದಲ್ಲ. ಸಾಸಿವೆ ಡಬ್ಬಿ, ಬೇಳೆ ಡಬ್ಬಿ, ಸೀರೆ ಮಡಿಕೆಯ ಒಳಗೆಲ್ಲ ನೋಟು ಬಚ್ಚಿಡುವ ಅಭ್ಯಾಸ ಅಜ್ಜಿಯ ಕಾಲದಿಂದ ಬಂದದ್ದು. 2016ರ ನವೆಂಬರ್‌ನಲ್ಲಿ 500, 1000 ರೂಪಾಯಿ ನೋಟು ರದ್ದಾದಾಗ ಎಷ್ಟೋ ಮನೆಗಳಲ್ಲಿ ಈ ಡಬ್ಬಿಗಳ ಗುಟ್ಟು ರಟ್ಟಾಯಿತು. ಗಂಡಂದಿರು ಹುಬ್ಬೇರಿಸಿದರು, ಆಮೇಲೆ ನಕ್ಕರು. ಕೂಡಿಟ್ಟ ಹಣದ ಗುಟ್ಟು ಬಯಲಾದರೆ ನಗು ಬರುತ್ತದೆ. ಸಾಲದ ಗುಟ್ಟು ಹಾಗಲ್ಲ. ಡಬ್ಬಿಯೊಳಗಿನ ಹಣ ಇದ್ದಷ್ಟೇ ಇರುತ್ತದೆ, ಸಾಲ ಮಾತ್ರ ನೀವು ಮಲಗಿದ್ದಾಗಲೂ ಬೆಳೆಯುತ್ತದೆ.

ಶುರುವಾಗುವುದು ಹೀಗೆ

ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಮಧ್ಯಮ ವರ್ಗದ ಮನೆ, ಗಂಡನಿಗೆ ಖಾಸಗಿ ಕಂಪೆನಿ ಕೆಲಸ, ಹೈಸ್ಕೂಲಿಗೆ ಹೋಗುವ ಮಗಳು ಅಂತ ಇಟ್ಟುಕೊಳ್ಳಿ. ಅಮ್ಮನ ಕಣ್ಣಿನ ಆಪರೇಷನ್‌ಗೆ ತವರಿನಿಂದ ಫೋನ್ ಬಂತು. ‘ಪದೇ ಪದೇ ತವರಿಗೆ ಕೊಡ್ತೀಯ’ ಅಂದುಬಿಟ್ಟರೆ ಎಂಬ ಸಂಕೋಚಕ್ಕೆ ಗಂಡನಿಗೆ ಹೇಳದೆ ಬಳೆ ಗಿರವಿ ಇಟ್ಟು 40 ಸಾವಿರ ಕಳಿಸಿದ್ದಾಯಿತು. ನೂರಕ್ಕೆ ಎರಡು ರೂಪಾಯಿ ಬಡ್ಡಿ. ಕೇಳಲು ಬರೀ ಎರಡು ರೂಪಾಯಿ, ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 24. ತಿಂಗಳಿಗೆ 800 ರೂಪಾಯಿ ಬಡ್ಡಿ ಹಾಲು, ತರಕಾರಿ ದುಡ್ಡಿನಲ್ಲೇ ಹೋಗಬೇಕು.

ಅಷ್ಟರಲ್ಲಿ ಪಕ್ಕದ ಬೀದಿಯವರ ಚೀಟಿಯಲ್ಲಿ ಕಟ್ಟಿದ್ದ 20 ಸಾವಿರ ಮುಳುಗಿತು. ಗಂಡನಿಗೆ ಗೊತ್ತಾಗದಂತೆ ಅದನ್ನು ತುಂಬಿಸಲು ಹಿಂದೆ ಕೆಲಸದಲ್ಲಿದ್ದಾಗ ಮಾಡಿಸಿದ್ದ ಕ್ರೆಡಿಟ್ ಕಾರ್ಡು ಹೊರಬಂತು. ಆಮೇಲೆ ದಿನಸಿಗೂ ಕಾರ್ಡು, ಮಗಳ ಟ್ಯೂಷನ್‌ಗೂ ಕಾರ್ಡು. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಲೆಕ್ಕ ಹೀಗಿದೆ: ಗಿರವಿ 40 ಸಾವಿರ, ಕಾರ್ಡ್ ಬಾಕಿ 50 ಸಾವಿರ, ಗೆಳತಿಯ ಹತ್ತಿರ ಕೈಗಡ 15 ಸಾವಿರ, ಮೊಬೈಲ್ ಆ್ಯಪ್ ಸಾಲ 10 ಸಾವಿರ, ದಿನಸಿ ಅಂಗಡಿ ಬಾಕಿ 5 ಸಾವಿರ. ಒಟ್ಟು 1 ಲಕ್ಷದ 20 ಸಾವಿರ.

ತವರಿಗೆ ಹೋದದ್ದು, ಚೀಟಿಯಲ್ಲಿ ಮುಳುಗಿದ್ದು ಸೇರಿ 60 ಸಾವಿರ. ಉಳಿದ 60 ಸಾವಿರಕ್ಕೆ ಒಂದು ಸೀರೆಯೂ ಬಂದಿಲ್ಲ, ಒಂದು ಪಾತ್ರೆಯೂ ಬಂದಿಲ್ಲ. ಅದಷ್ಟೂ ಬಡ್ಡಿಗೆ, ಒಂದು ತೂತು ಮುಚ್ಚಲು ಇನ್ನೊಂದು ತೂತು ತೋಡಿದ್ದಕ್ಕೆ. ಗುಟ್ಟು ಉಳಿಸಿಕೊಳ್ಳಲು ಕೊಟ್ಟ ಬೆಲೆ ಅದು!

ಒಂದೇ ಮನೆ, ಎರಡು ಲೆಕ್ಕ

ಕಾರ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡಿ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3.5ರ ಆಸುಪಾಸಿನಲ್ಲಿ ಬಡ್ಡಿ ಬೀಳುತ್ತದೆ. 50 ಸಾವಿರಕ್ಕೆ ಅದು 1,750 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 315 ರೂಪಾಯಿ. ಒಟ್ಟು 2,065. ‘ಮಿನಿಮಮ್ ಡ್ಯೂ’ ಅಂತ ಬಾಕಿಯ ಶೇ 5, ಅಂದರೆ 2,500 ಕಟ್ಟಿ ಉಸ್ಸಪ್ಪಾ ಎಂದು ಕೂತಿರಿ ಅನ್ನಿ. ಅಸಲಿಗೆ ಜಮಾ ಆಗುವುದು 435 ರೂಪಾಯಿ ಮಾತ್ರ! ಹಿಂದಿನ ಬಾಕಿ ಪೂರ್ತಿ ತೀರಿಸದಿದ್ದರೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಶುರು.

ಇನ್ನೊಂದು ವಿಚಿತ್ರ ಗಮನಿಸಿ. ಅದೇ ಮನೆಯಲ್ಲಿ ಯಜಮಾನರ ಹೆಸರಿನಲ್ಲಿ ಶೇ 7ರ ಬಡ್ಡಿ ಬರುವ ಆರ್‌ಡಿ ಇರುತ್ತದೆ. ಹೆಂಡತಿ ಶೇ 42 ಬಡ್ಡಿ ಕಟ್ಟುತ್ತಿರುತ್ತಾಳೆ! ಇಬ್ಬರೂ ಕೂತು ಮಾತಾಡಿದ್ದರೆ ಆರ್‌ಡಿ ಮುರಿಸಿ ಕಾರ್ಡಿನ ಬಾಯಿ ಮುಚ್ಚಬಹುದಿತ್ತು. ಬಳೆಗಳನ್ನು ಬ್ಯಾಂಕಿನಲ್ಲೇ ಅಡವಿಟ್ಟಿದ್ದರೆ ಬಡ್ಡಿ ಅರ್ಧಕ್ಕಿಂತ ಕಡಿಮೆ ಬೀಳುತ್ತಿತ್ತು. ಗುಟ್ಟಾಗಿ ಸಾಲ ಮಾಡುವವರಿಗೆ ಸಿಗುವುದು ದುಬಾರಿ ಸಾಲವೇ. ಅದಕ್ಕೇ ಹೇಳುವುದು, ಸಾಲ ಇಳಿಸುವ ಮೊದಲ ಕಂತು ದುಡ್ಡಲ್ಲ, ಮಾತು.

ಮೊದಲು ಒಂದು ಹಾಳೆ

ಹಾಗಂತ ಇವತ್ತು ರಾತ್ರಿ ಊಟಕ್ಕೆ ಬಡಿಸುವಾಗಲೇ ಹೇಳಿಬಿಡಬೇಡಿ. ತಯಾರಿ ಬೇಕು.

* ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಕಟ್ಟುವ ದಿನ ಯಾವುದು, ಏನು ಅಡವಿಟ್ಟಿದ್ದೀರಿ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ನಾಚಿಕೆಯೆನಿಸುವ ಸಣ್ಣ ಕೈಗಡವನ್ನೂ ಬಿಡಬೇಡಿ.
* ಬ್ಯಾಂಕ್, ಕಾರ್ಡ್, ಆ್ಯಪ್ ಸಾಲಗಳು ಎಷ್ಟಿವೆ ಎಂಬುದೇ ಗೊಂದಲವಾಗಿದ್ದರೆ ಕ್ರೆಡಿಟ್ ರಿಪೋರ್ಟ್ ತೆಗೆಸಿ. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು.
* ಗಿರವಿ ಚೀಟಿ, ಕಾರ್ಡ್ ಸ್ಟೇಟ್‌ಮೆಂಟ್‌ಗಳನ್ನು ಒಂದು ಕವರಿನಲ್ಲಿ ಹಾಕಿಡಿ.
* ಇವತ್ತಿನಿಂದ ಹೊಸ ಸಾಲ ಬಂದ್. ಕಾರ್ಡನ್ನು ಬೀರುವಿನಲ್ಲಿಡಿ, ಸಾಲದ ಆ್ಯಪ್‌ಗಳಲ್ಲಿ ಮತ್ತೆ ಅರ್ಜಿ ಹಾಕಬೇಡಿ.

ಹಾಳೆ ತುಂಬಿದಾಗ ಕೈ ನಡುಗಬಹುದು. ಆದರೂ ತಲೆಯೊಳಗೆ ಲೆಕ್ಕವಿಲ್ಲದೆ ಬೆಳೆದಿದ್ದ ಭೂತಕ್ಕೆ ಈಗ ಒಂದು ಅಂಕಿ ಸಿಕ್ಕಿದೆ. ಅಂಕಿ ಇದ್ದರೆ ದಾರಿ ಹುಡುಕಬಹುದು.

ಹೇಳುವುದು ಹೇಗೆ?

ಆಫೀಸಿನಿಂದ ಸುಸ್ತಾಗಿ ಬಂದಾಗ ಬೇಡ. ಅತ್ತೆ, ಮಕ್ಕಳು ಎದುರಿಗಿದ್ದಾಗ ಬೇಡ. ಯಾರದೋ ಮದುವೆಗೆ ಹೊರಟು ನಿಂತಾಗಲಂತೂ ಬೇಡವೇ ಬೇಡ. ಭಾನುವಾರ ಬೆಳಗಿನ ಕಾಫಿಯ ನಂತರ, ಟೆರೇಸ್ ಮೇಲೋ ಪಾರ್ಕಿನ ಬೆಂಚಿನ ಮೇಲೋ ಇಬ್ಬರೇ ಕೂತು ಹೇಳಿ. ಸುತ್ತಿ ಬಳಸಿ ಹೇಳಬೇಡಿ.

‘ರೀ, ನಿಮ್ಮ ಹತ್ರ ಒಂದು ವಿಷಯ ಮುಚ್ಚಿಟ್ಟಿದ್ದೀನಿ. ಸಾಲ ಮಾಡ್ಕೊಂಡಿದ್ದೀನಿ. ಒಟ್ಟು ಒಂದು ಲಕ್ಷದ ಇಪ್ಪತ್ತು ಸಾವಿರ. ಎಲ್ಲಾ ಲೆಕ್ಕ ಇದರಲ್ಲಿ ಬರೆದಿದ್ದೀನಿ. ಬೈಬೇಕು ಅನ್ಸಿದ್ರೆ ಬೈರಿ, ಆದ್ರೆ ಪೂರ್ತಿ ಕೇಳಿ.’

ಇಷ್ಟು ಸಾಕು. ಅಂಕಿಯನ್ನು ಮಾತ್ರ ಕಡಿಮೆ ಮಾಡಬೇಡಿ. ‘ಐವತ್ತು ಸಾವಿರ’ ಎಂದು ಇವತ್ತು ಹೇಳಿ, ಉಳಿದದ್ದು ಮುಂದಿನ ತಿಂಗಳು ಹೊರಬಿದ್ದರೆ ಎರಡನೇ ಸಲ ನಿಮ್ಮನ್ನು ನಂಬುವುದು ಅವರಿಗೆ ಕಷ್ಟ.

ಅವರಿಗೆ ಕೋಪ ಬರುವುದು ಸಹಜ. ದುಡ್ಡಿಗಿಂತ ಹೆಚ್ಚಾಗಿ ‘ನನಗೆ ಹೇಳಲಿಲ್ಲವಲ್ಲ’ ಎಂಬ ನೋವು ಕಾಡುತ್ತದೆ. ಎರಡು ದಿನ ಮಾತು ಬಿಡಬಹುದು. ‘ನೀವು ಸರಿಯಾಗಿ ದುಡ್ಡು ಕೊಟ್ಟಿದ್ದರೆ ನಾನ್ಯಾಕೆ ಸಾಲ ಮಾಡ್ತಿದ್ದೆ’ ಎಂಬ ಮಾತು ನಾಲಿಗೆ ತುದಿಗೆ ಬಂದರೂ ಆವತ್ತು ನುಂಗಿಕೊಳ್ಳಿ. ಮನೆ ಖರ್ಚಿಗೆ ಸಾಲುತ್ತಿಲ್ಲ ಎಂಬುದು ನಿಜವೇ ಇರಬಹುದು. ಅದನ್ನು ಮುಂದಿನ ವಾರ ಲೆಕ್ಕದ ಸಮೇತ ಹೇಳಿ.

ಆದರೆ ಎಲ್ಲ ಮನೆಯೂ ಒಂದೇ ಅಲ್ಲ. ಗಂಡ ಕೈ ಮಾಡುವ ಸ್ವಭಾವದವರಾಗಿದ್ದರೆ ಒಬ್ಬರೇ ಹೇಳಲು ಹೋಗಬೇಡಿ. ನಂಬಿಕಸ್ಥ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಮಹಿಳಾ ಸಹಾಯವಾಣಿ 181 ನೆನಪಿರಲಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100.

ಭಯ ಬೇಡ, ಕಾನೂನು ಇದೆ

ಗುಟ್ಟು ಬಿಗಿಯಾಗುವುದೇ ಭಯದಿಂದ. ‘ನಿಮ್ಮ ಗಂಡನ ಆಫೀಸಿಗೆ ಬರ್ತೀವಿ’ ಎಂದು ವಸೂಲಿಯವರು ಹೆದರಿಸುವುದು ಆ ಭಯ ತಿಳಿದೇ. ನೀವು ತಿಳಿದಿರಬೇಕಾದದ್ದು ಇಷ್ಟು:

* ನಿಮ್ಮ ಹೆಸರಿನ ಸಾಲಕ್ಕೆ ಗಂಡ ಜಾಮೀನುದಾರರೋ ಜಂಟಿ ಸಾಲಗಾರರೋ ಆಗಿರದಿದ್ದರೆ ಬ್ಯಾಂಕ್ ಅದನ್ನು ಅವರಿಂದ ವಸೂಲು ಮಾಡುವಂತಿಲ್ಲ.
* ಸಾಲ ಕಟ್ಟಲಾಗದ್ದು ಸಿವಿಲ್ ವಿಷಯ, ಅಷ್ಟಕ್ಕೇ ಜೈಲು ಇಲ್ಲ. ನೀವು ಕೊಟ್ಟ ಚೆಕ್ ಬೌನ್ಸ್ ಆದರೆ ಮಾತ್ರ ಮಾತು ಬೇರೆ. ಹಾಗಾಗಿ ಯಾರಿಗೂ ಖಾಲಿ ಚೆಕ್ ಕೊಡಬೇಡಿ.
* 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ಬ್ಯಾಂಕ್, ಫೈನಾನ್ಸ್ ಕಂಪೆನಿಗಳ ವಸೂಲಿ ಏಜೆಂಟರು ಬಾಕಿಗಾಗಿ ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನಾಲ್ಕು ಜನರೆದುರು ಅವಮಾನಿಸುವಂತಿಲ್ಲ. ಕಂಪೆನಿಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ಮಾಹಿತಿಗೆ 14448.
* ನಿಯಮದಂತೆ ನಡೆಯುವ ಸಾಲದ ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೊಗಳಿಗೆ ಕೈ ಹಾಕುವಂತಿಲ್ಲ. ಹತ್ತು ಸಾವಿರ ಎಂದು ಹೇಳಿ ಏಳು ಸಾವಿರ ಕೊಟ್ಟು ವಾರದಲ್ಲಿ ಹತ್ತೂ ಕೇಳುವ, ಫೋಟೊ ತಿದ್ದಿ ಹೆದರಿಸುವ ಆ್ಯಪ್‌ಗಳು ವಂಚಕರವು. ಹೆದರಿ ಮತ್ತೆ ಮತ್ತೆ ಹಣ ಕಳಿಸಬೇಡಿ. ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.
* ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಮೊದಲು ಸುಗ್ರೀವಾಜ್ಞೆ, ನಂತರ ಕಾಯ್ದೆ ಬಂದಿದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಪೊಲೀಸರಿಗೆ ದೂರು ಕೊಡಬಹುದು.

ಚಿಂತೆ ಅತಿಯಾಗಿ ‘ಬದುಕೇ ಬೇಡ’ ಅನ್ನಿಸುವಷ್ಟಾಗಿದ್ದರೆ ಒಂದು ನಿಮಿಷವೂ ತಡ ಮಾಡದೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಸಿಗುತ್ತಾರೆ. ದುಡ್ಡಿನ ಸಾಲಕ್ಕೆ ಜೀವ ಕೊಟ್ಟು ತೀರಿಸುವ ಲೆಕ್ಕ ಎಲ್ಲಿಯೂ ಇಲ್ಲ.

ಇಬ್ಬರೂ ಸೇರಿ ಇಳಿಸಿ

ಬಡ್ಡಿ ಹೆಚ್ಚಿರುವ ಸಾಲವನ್ನು ಮೊದಲು ಮುಗಿಸಿ. ನಮ್ಮ ಉದಾಹರಣೆಯಲ್ಲಿ ಮೊದಲು ಆ್ಯಪ್, ನಂತರ ಕಾರ್ಡ್. ಕಾರ್ಡ್ ಬಾಕಿ ಒಮ್ಮೆಲೇ ಕಟ್ಟಲಾಗದಿದ್ದರೆ ಕಡಿಮೆ ಬಡ್ಡಿಯ ಇಎಂಐಗೆ ಬದಲಾಯಿಸಿಕೊಡಲು ಬ್ಯಾಂಕನ್ನು ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದು ಕಡಿಮೆ. ಆಮೇಲೆ ಬಳೆ ಬಿಡಿಸಿ. ಅಲ್ಲಿಯವರೆಗೆ ಗಿರವಿ ಬಡ್ಡಿ ತಪ್ಪಿಸಬೇಡಿ, ಒಡವೆ ಹರಾಜಿಗೆ ಹೋದೀತು. ಗೆಳತಿಗೆ, ದಿನಸಿ ಅಂಗಡಿಗೆ ‘ತಿಂಗಳಿಗೆ ಇಷ್ಟು ಕೊಡ್ತೀನಿ’ ಎಂದು ಹೇಳಿ, ಹೇಳಿದ ದಿನ ತಪ್ಪದೆ ಕೊಡಿ. ಅರ್ಧ ಮರ್ಯಾದೆ ಅಲ್ಲೇ ವಾಪಸ್ ಬರುತ್ತದೆ.

ಸಾಲ ತೀರುವುದಷ್ಟೇ ಸಾಲದು, ಅದು ಹುಟ್ಟಿದ ಜಾಗವನ್ನೂ ಸರಿ ಮಾಡಬೇಕು. ತಿಂಗಳ ಮೊದಲ ಭಾನುವಾರ ಅರ್ಧ ಗಂಟೆ ಇಬ್ಬರೂ ಕೂತು ಲೆಕ್ಕ ನೋಡಿ. ಹಬ್ಬ, ಮದುವೆ ಮುಯ್ಯಿ, ಸ್ಕೂಲ್ ಫೀಸು ಎಂದು ಮೊದಲೇ ಬೇರೆ ಕವರುಗಳಲ್ಲಿ ಹಣ ತೆಗೆದಿಡಿ. ಚೀಟಿ ಹಾಕಲೇಬೇಕೆಂದಿದ್ದರೆ ನೋಂದಣಿಯಾದ ಸಂಸ್ಥೆಯಲ್ಲೇ ಹಾಕಿ. ‘ಅಮ್ಮನ ಮನೆಗೆ’ ಎಂಬ ಸಾಲನ್ನೂ ಪಟ್ಟಿಯಲ್ಲಿ ರಾಜಾರೋಷವಾಗಿ ಬರೆಯಿರಿ. ಅವರ ಅಪ್ಪ-ಅಮ್ಮನ ಔಷಧಿಗೆ ಕಳಿಸುವ ಹಣದಷ್ಟೇ ಸಹಜ ಇದು. ಜೊತೆಗೆ ಇಬ್ಬರಿಗೂ ಸಣ್ಣದೊಂದು ಮೊತ್ತ, ಐನೂರೋ ಸಾವಿರವೋ, ಯಾರೂ ಲೆಕ್ಕ ಕೇಳದ ಹಣವಾಗಿ ಇರಲಿ. ಉಸಿರಾಡಲು ಇಷ್ಟು ಜಾಗವಿದ್ದರೆ ಗುಟ್ಟಿನ ಅಗತ್ಯವೇ ಬೀಳುವುದಿಲ್ಲ.

ಗಂಡಸರಿಗೂ ಒಂದು ಮಾತು. ಹೆಂಡತಿ ಹಾಳೆ ಹಿಡಿದು ಎದುರಿಗೆ ಕೂತ ದಿನ ನೀವು ಹೇಗೆ ನಡೆದುಕೊಳ್ಳುತ್ತೀರೋ, ಮುಂದಿನ ಸಲ ಆಕೆ ನಿಮಗೆ ಹೇಳುತ್ತಾಳೋ ಮುಚ್ಚಿಡುತ್ತಾಳೋ ಎಂಬುದು ಅಲ್ಲೇ ತೀರ್ಮಾನ. ನೀವೂ ಯಾವುದಾದರೂ ಸಾಲ ಮುಚ್ಚಿಟ್ಟಿದ್ದರೆ ಅದನ್ನು ಹೇಳಲೂ ಅದೇ ಒಳ್ಳೆಯ ದಿನ.

ಈ ಸಲದ ಹಬ್ಬಕ್ಕೆ ಬಳೆ ಬಿಡಿಸಲಾಗದೇ ಹೋಗಬಹುದು. ಲಕ್ಷ್ಮಿಗೆ ಹೂವೇ ಸಾಕು. ‘ಬಳೆ ಎಲ್ಲಿ?’ ಎಂದು ಅತ್ತೆ ಕೇಳಿದಾಗ ‘ಅಮ್ಮಾ, ಅದು ನಮ್ಮಿಬ್ಬರಿಗೂ ಗೊತ್ತು, ಮುಂದಿನ ವರ್ಷ ಬರುತ್ತೆ’ ಎಂದು ನಿಮ್ಮ ಪರವಾಗಿ ಯಜಮಾನರೇ ಹೇಳುವಂತಾದರೆ ಅರ್ಧ ಸಾಲ ತೀರಿದಂತೆ.

ನಾಳೆ ಮಕ್ಕಳು ಸ್ಕೂಲಿಗೆ ಹೋದ ಮೇಲೆ ಟಿವಿ ಹಾಕಬೇಡಿ. ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ಕೂತುಬಿಡಿ.