ಮಾಳಿಗೆಯ ಪದದ ಸಂಚಾರ

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ, ಹಾವೇರಿಯನ್ನು ಹಿಂದಿಕ್ಕಿ, ಶಿಗ್ಗಾಂವಿಯ ಸೀಮೆಯನ್ನು ಹೊಕ್ಕವರಿಗೆ ದೊರೆಯುವ ಶಿಶುನಾಳವೇ ‘ಸೋರುತಿಹುದು ಮನಿಯ ಮಾಳಿಗಿ’ ಎಂಬ ತತ್ತ್ವಪದದ ತವರು. ಮಣ್ಣಿನ ಮಾಳಿಗೆ ತೊಟ್ಟಿಕ್ಕಿದೊಡನೆ ಹಾಸಿಗೆ ಸುತ್ತಿಟ್ಟು ತಪ್ಪಲೆಯೊಡ್ಡುವುದು ದಾವಣಗೆರೆಯ ಹಳೆಯ ಕೇರಿಗಳಿಗೂ ಹೊಸತಲ್ಲ. ಆ ಸೋರಿಕೆಯಲ್ಲಿ ದೇಹದ ನಶ್ವರತೆಯನ್ನು ಕಂಡವರು ಈ ಪದವನ್ನು ಕಟ್ಟಿದ, 1889ರಲ್ಲಿ ದೇಹವಿಟ್ಟ ಶರೀಫಸಾಹೇಬರು. ಏಕತಾರಿಯೊಡನೆ ಬಾಯಿಂದ ಬಾಯಿಗೆ ಸಾಗಿಬಂದ ಆ ಪದವನ್ನು ಗಾಯಕ ಸಿ. ಅಶ್ವತ್ಥರು ಮನೆಮಾತಾಗಿಸಿದರು, 2008ರ ತಮ್ಮ ಆಲ್ಬಮಿನಲ್ಲಿ ರಘು ದೀಕ್ಷಿತರು ಅದಕ್ಕೆ ಗಿಟಾರಿನ ಸಾಹಚರ್ಯವನ್ನಿತ್ತರು, ಆ ಹೊಸ ಧಾಟಿಯೂ ನನಗೆ ಅಪ್ರಿಯವೇನಲ್ಲ. ಹಾಡು ಕಂಠದಿಂದ ಕಂಠಕ್ಕೆ ದಾಟುವಾಗ ಮೊದಲಿನವರ ಹೆಸರು ಮರೆಯಾಗುವುದೂ ಉಂಟು: ಅಮೆರಿಕದಲ್ಲಿ ಬಿಗ್ ಮಾಮಾ ಥಾರ್ನ್‌ಟನ್ ಮೊದಲು ಹಾಡಿದ ರಿದಂ ಅಂಡ್ ಬ್ಲೂಸ್ ಗೀತೆ ‘ಹೌಂಡ್ ಡಾಗ್’, 1956ರಲ್ಲಿ ಎಲ್ವಿಸ್ ಪ್ರೆಸ್ಲಿಯ ಹೆಸರಿಗೇ ಅಂಟಿಕೊಂಡಿತು. ಇಲ್ಲಿಯಾದರೋ, ಯಾರು ಹಾಡಿದರೂ ಕಡೆಯ ನುಡಿಯಲ್ಲಿ ಶರೀಫರ ಶಿಶುನಾಳಾಧೀಶನ ಅಂಕಿತ ಬಂದೇ ಬರುವುದು.