ತೆಂಗಿನ ತೋಟದ ನೆರಳು: ಗಣಕಯಂತ್ರದ ಲೆಕ್ಕ

ತೆಂಗಿನ ತೋಟದೊಳಗೆ ಬಾಳೆ, ಕೋಕೋ ಅಥವಾ ಅಡಿಕೆ ಹಾಕಬೇಕೆನ್ನುವ ಚಿಕ್ಕನಾಯಕನಹಳ್ಳಿ ಸೀಮೆಯ ರೈತರು ಮೊದಲು ಯೋಚಿಸುವುದು ಕೊಳವೆ ಬಾವಿಯ ನೀರನ್ನು. ಅದು ಸರಿಯೇ. ಆದರೆ ನೀರು, ಗೊಬ್ಬರ ಎರಡೂ ಇದ್ದು ಬಿಸಿಲು ಸಾಲದೆ ಗಿಡ ಸೊರಗಿದರೆ ಹಾಕಿದ ಹಣ ಮರಳುವುದಿಲ್ಲ.

7.5 ಮೀಟರ್ ಅಂತರದ ತೋಟದಲ್ಲಿ ಸುಮಾರು 8 ವರ್ಷದವರೆಗೆ ನೆಲಕ್ಕೆ ಸಾಕಷ್ಟು ಬೆಳಕು ಬೀಳುತ್ತದೆ. 8ರಿಂದ 25 ವರ್ಷದವರೆಗೆ ನೆರಳು ದಟ್ಟ. ಆಮೇಲೆ ಕಾಂಡ ಎತ್ತರವಾದಂತೆ ಬೆಳಕು ಪುನಃ ಹೆಚ್ಚುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಮುಂದಿಟ್ಟ ಬಹುಮಹಡಿ ಬೇಸಾಯಕ್ಕೆ ಇದೇ ಆಧಾರ.

ಈ ಬೆಳಕನ್ನು ಅಳೆಯುವುದು ಸುಲಭವಲ್ಲ. ಗರಿಗಳ ನಡುವೆ ಇಳಿಯುವ ಬಿಸಿಲಿನ ಚುಕ್ಕೆಗಳು ಗಳಿಗೆಗೊಮ್ಮೆ ಜಾಗ ಬದಲಿಸುತ್ತವೆ. ಒಂದೇ ಕಡೆ ಇಟ್ಟ ಉಪಕರಣ ತಪ್ಪು ಹೇಳುತ್ತದೆ. ಆದ್ದರಿಂದ ಪ್ರತಿ ಗರಿಯ ಉದ್ದ, ಬಾಗು, ದಿಕ್ಕುಗಳನ್ನು ಗಣಕಯಂತ್ರಕ್ಕೆ ಕೊಟ್ಟು, ಸೂರ್ಯ ಮತ್ತು ಆಕಾಶದಿಂದ ಲಕ್ಷಾಂತರ ಕಿರಣಗಳು ಬಿದ್ದಂತೆ ಲೆಕ್ಕ ಹಾಕುತ್ತಾರೆ. ಹಸಿರೆಲೆ ಕಣ್ಣಿಗೆ ಕಾಣುವ ಬೆಳಕಿನ ಹೆಚ್ಚು ಪಾಲನ್ನು ಹೀರುತ್ತದೆ; ಅದಕ್ಕೆ ಹತ್ತಿರದ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಹೆಚ್ಚಿನವನ್ನು ಹಿಂದಿರುಗಿಸುತ್ತದೆ, ಇಲ್ಲವೆ ದಾಟಿಸುತ್ತದೆ. ಒಂದೊಂದು ಕಿರಣದ ಗತಿಯನ್ನು ಪಗಡೆಯ ದಾಳ ಎಸೆದಂತೆ ನಿರ್ಧರಿಸಿ, ಕೊನೆಗೆ ಎಲ್ಲವನ್ನೂ ಕೂಡಿಸುತ್ತಾರೆ. ಈ ವಿಧಾನದ ತೊಡಕೆಂದರೆ, ತಪ್ಪನ್ನು ಅರ್ಧಕ್ಕಿಳಿಸಲು ಕಿರಣಗಳು ನಾಲ್ಕು ಪಟ್ಟು ಬೇಕು. ಹತ್ತನೇ ಒಂದಕ್ಕಿಳಿಸಲು ನೂರು ಪಟ್ಟು.

ಹಾಗಿದ್ದೂ ಒಂದು ಅನುಕೂಲವಿದೆ. ಹತ್ತು ಸಾವಿರ ಕಾಯಿಯನ್ನು ಹತ್ತು ಆಳು ಹಂಚಿಕೊಂಡು ಸುಲಿಯುವಂತೆ ಕಿರಣಗಳನ್ನೂ ಹಂಚಬಹುದು. ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕಾಯಬೇಕಿಲ್ಲ. ಶಾಖದ ಲೆಕ್ಕ ಸೇರಿದಾಗ ಮಾತ್ರ ಇದು ಕೆಡುತ್ತದೆ. ಎಲೆ, ಮಣ್ಣು ಎಲ್ಲವೂ ಹಗಲು ರಾತ್ರಿ ಶಾಖ ಸೂಸುತ್ತವೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚದರ ಮೀಟರಿಗೆ ಸುಮಾರು 460 ವ್ಯಾಟ್. ಬಯಲಿನ ಹುಲ್ಲು ಈ ಶಾಖವನ್ನು ಆಕಾಶಕ್ಕೆ ಕಳೆದುಕೊಂಡು ತಣಿಯುತ್ತದೆ. ಮರದಡಿಯ ಹುಲ್ಲಿಗೆ ಗರಿಗಳಿಂದ ಶಾಖ ಮರಳಿ ಬರುತ್ತದೆ. ಬಯಲಲ್ಲಿ ಇಬ್ಬನಿ ಹೆಚ್ಚು ಕೂರುವುದು ಇದರಿಂದಲೇ. ಒಂದು ಎಲೆಯ ಶಾಖ ಇನ್ನೊಂದನ್ನು ಅವಲಂಬಿಸಿರುವುದರಿಂದ ಆಳುಗಳೆಲ್ಲ ಆಗಾಗ್ಗೆ ಲೆಕ್ಕ ಒಪ್ಪಿಸಿ, ಮತ್ತೆ ಮೊದಲಿನಿಂದ ಹಾಕಬೇಕು.

ತೆಂಗಿನ ತೋಟದ ಬೆಳಕು ಮತ್ತು ಅಂತರ ಬೆಳೆಯ ಇಳುವರಿಯನ್ನು ಹೀಗೆ ಲೆಕ್ಕ ಹಾಕಿದ ವರದಿ 1997ರಲ್ಲೇ ಪ್ರಕಟವಾಗಿದೆ. ಒಂದು ತೋಟದ ಒಂದು ಮಧ್ಯಾಹ್ನಕ್ಕೆ ಸಾಧಾರಣ ಯಂತ್ರವೇ ಸಾಕು. ಹಲವು ಅಂತರ, ಹಲವು ವಯಸ್ಸು, ವರ್ಷದ ಎಲ್ಲಾ ದಿನಗಳಿಗೆ ಶಾಖವನ್ನೂ ಸೇರಿಸಿ ಲೆಕ್ಕ ಬೇಕಾದಾಗ ದೊಡ್ಡ ಯಂತ್ರ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ‘ಪರಮ್ ಪ್ರವೇಗ’ದ ಸಾಮರ್ಥ್ಯ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ.

ರೈತರು ತಮ್ಮ ತೋಟದಲ್ಲೇ ಅಂದಾಜು ಮಾಡಬಹುದು. ಹಗ್ಗಕ್ಕೆ ಸಮ ಅಂತರದಲ್ಲಿ 100 ಗಂಟು ಹಾಕಿ, ನಾಲ್ಕು ಮರಗಳ ನಡುವೆ ಮೂಲೆಯಿಂದ ಮೂಲೆಗೆ ನೆಲದ ಮೇಲೆ ಎಳೆಯಬೇಕು. ಮೋಡವಿಲ್ಲದ ದಿನ ಬೆಳಿಗ್ಗೆ 10, ಮಧ್ಯಾಹ್ನ 12 ಮತ್ತು 2 ಗಂಟೆಗೆ ಬಿಸಿಲಿನಲ್ಲಿರುವ ಗಂಟುಗಳನ್ನು ಎಣಿಸಿ ಸರಾಸರಿ ತೆಗೆದರೆ, ನೆಲಕ್ಕೆ ನೇರವಾಗಿ ತಲುಪುವ ಬಿಸಿಲಿನ ಶೇಕಡಾವಾರು ಸ್ಥೂಲವಾಗಿ ತಿಳಿಯುತ್ತದೆ. ತೋಟದ ನಾಲ್ಕೈದು ಕಡೆ ಹೀಗೆ ಮಾಡಿ, ಆ ಅಂಕಿಯೊಡನೆ ವಿಸ್ತರಣಾ ಕಾರ್ಯಕರ್ತರನ್ನು ಕಂಡು ಗಿಡ ಆರಿಸುವುದು ಒಳ್ಳೆಯದು.